ಕೇಳದೆ ಮಾಡಿದ ಉಪಕಾರ

ಅರ್ಧವಾರ್ಷಿಕ ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಎಂಟನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆ ನನ್ನ ಪಾಲಿಗೆ ಬಂದಿತ್ತು. ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದು ಬೋರಲು ಹಾಕಿ, ಬೆಳಗಿನ ದೋಸೆಹಿಟ್ಟಿಗೆ ಉಪ್ಪು ಬೆರೆಸಿಟ್ಟು ಲ್ಯಾಪ್‌ಟಾಪ್ ತೆರೆದು ಕೂತಾಗ ಒಂಬತ್ತೂವರೆ. ಬಿಟ್ಟ ಸ್ಥಳ ತುಂಬಿರಿ, ಸಂದರ್ಭ ಸಹಿತ ವಿವರಿಸಿರಿ, ಗಾದೆ ವಿಸ್ತರಿಸಿರಿ ಎಲ್ಲ ಮುಗಿದು ಪತ್ರಲೇಖನಕ್ಕೆ ಬರುವಷ್ಟರಲ್ಲಿ ಮಳೆ ಜೋರಾಯಿತು. ಅದರ ಹಿಂದೆಯೇ ಕರೆಂಟು ಹೋಯಿತು. ನನ್ನ ಲ್ಯಾಪ್‌ಟಾಪಿಗೆ ಏಳು ವರ್ಷ ವಯಸ್ಸು. ಬ್ಯಾಟರಿ ಇಪ್ಪತ್ತು ನಿಮಿಷದ ಮೇಲೆ ನಿಲ್ಲುವುದಿಲ್ಲ. ಉಳಿದದ್ದನ್ನು ಬೆಳಿಗ್ಗೆ ನೋಡಿಕೊಳ್ಳೋಣವೆಂದು ಬರೆದಷ್ಟನ್ನು ಸೇವ್ ಮಾಡಿ ಶಟ್‌ಡೌನ್ ಒತ್ತಿದೆ.

ಅದು ಆರಲಿಲ್ಲ. ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆರಿಸಬೇಡಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಪರದೆಯ ಮೇಲೆ ಬಂತು. ನಾನು ಅಪ್‌ಡೇಟ್ ಮಾಡು ಎಂದು ಹೇಳಿರಲಿಲ್ಲ. ಮಾಡಲೇ ಎಂದು ಅದೂ ನನ್ನನ್ನು ಕೇಳಿರಲಿಲ್ಲ. ಬೇಡ ಎನ್ನಲು ಒಂದು ಗುಂಡಿಯೂ ಇರಲಿಲ್ಲ. ಟಾರ್ಚ್ ಹಿಡಿದುಕೊಂಡು ಅದರ ಮುಂದೆ ಕೂತೆ. ಹದಿನೈದು ನಿಮಿಷ ಹಾಗೇ ಇತ್ತು. ಆಮೇಲೆ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು.

ಬೆಳಿಗ್ಗೆ ಕರೆಂಟು ಬಂದಿತ್ತು, ಲ್ಯಾಪ್‌ಟಾಪ್ ಏಳಲಿಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ ಬಂದು ನಿಂತಿತು. ಆ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಪ್ರಶ್ನೆಪತ್ರಿಕೆಯನ್ನು ನೆನಪಿನಿಂದ ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿದೆ. ಇಪ್ಪತ್ತೈದು ವರ್ಷದ ಹಿಂದೆ ಮಾಡುತ್ತಿದ್ದಂತೆ! ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು, ನನ್ನ ಮಗನ ವಯಸ್ಸಿನ ಹುಡುಗ, ಒಂದು ಪೆನ್‌ಡ್ರೈವ್ ಹಾಕಿ ಎರಡು ಸಂಜೆ ಕೂತು ಅದನ್ನು ಎಬ್ಬಿಸಿದ. ಬರೆದದ್ದೆಲ್ಲ ಒಳಗೆ ಭದ್ರವಾಗಿತ್ತು. ಹಳೆಯ ಬ್ಯಾಟರಿ ಬದಲಿಸದೆ ಇದ್ದದ್ದು ನನ್ನ ತಪ್ಪು. ಇನ್ನೊಂದು ಪ್ರತಿ ತೆಗೆದಿಡದೆ ಇದ್ದದ್ದೂ ನನ್ನದೇ ತಪ್ಪು. ಒಪ್ಪಿಕೊಳ್ಳುತ್ತೇನೆ. ಆದರೆ ಮೂರನೆಯ ತಪ್ಪು ಯಾರದ್ದು?

ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವನು ಸಮಾಧಾನವಾಗಿಯೇ ಹೇಳಿದ: "ಅಮ್ಮಾ, ನಿನ್ನಂಥೋರಿಗೆ ಅಂತಲೇ ಅದನ್ನ ತಾನಾಗೇ ಆಗೋ ಥರ ಮಾಡಿರ್ತಾರೆ. ಇಲ್ದಿದ್ರೆ ನೀವ್ಯಾರೂ ಮಾಡೋದೇ ಇಲ್ಲ."

ನಿನ್ನಂಥೋರು! ಈ ಬರಹಕ್ಕೆ ಕಾರಣ ಆ ಪದ. ಲ್ಯಾಪ್‌ಟಾಪ್ ಕೈಕೊಟ್ಟ ಸಿಟ್ಟು ಎರಡು ದಿನಕ್ಕೆ ಇಳಿಯಿತು, ಇದು ಇಳಿಯಲಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಲಿನಕ್ಸ್. ಅದರಲ್ಲಿ ನೂರಾರು ಬಗೆ ಇವೆ. ನನ್ನದು ಯಾವ ಬಗೆ ಎಂದು ಹೇಳುವುದಿಲ್ಲ. ನನ್ನ ಜಗಳ ಒಂದು ಮನೆಯ ಮೇಲಲ್ಲ, ಇಡೀ ಬೀದಿಗೆ ಹಿಡಿಯುತ್ತಿರುವ ಚಾಳಿಯ ಮೇಲೆ. ಲಿನಕ್ಸ್ ಎಂದರೆ ಏನೆಂದು ಕೇಳುವವರಿಗೆ ಎರಡು ಮಾತು. ಅಂಗಡಿಯಿಂದ ತಂದ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ವಿಂಡೋಸ್ ಇರುತ್ತದಲ್ಲ, ಅದರ ಜಾಗದಲ್ಲಿ ಹಾಕಿಕೊಳ್ಳಬಹುದಾದ ಇನ್ನೊಂದು ವ್ಯವಸ್ಥೆ. ದುಡ್ಡು ಕೊಡಬೇಕಾಗಿಲ್ಲ. ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಕನ್ನಡವನ್ನು ಚೆನ್ನಾಗಿ ಟೈಪ್ ಮಾಡಬಹುದು. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ವರ್ಷಗಳಿಂದ ಅದರಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ನಾನು ಕಲಿತದ್ದು ಶಿಕ್ಷಕರ ತರಬೇತಿಯಲ್ಲಿ. ಅಲ್ಲಿ ಪಾಠ ಹೇಳಿದವರು ಮೊದಲ ದಿನವೇ ಹೇಳಿದ್ದರು: "ಮೇಡಂ, ಇದು ಪುಕ್ಕಟೆ ಅನ್ನೋದು ಮುಖ್ಯ ಅಲ್ಲ. ಇದರಲ್ಲಿ ಯಜಮಾನ್ರು ನೀವು."

ಯಜಮಾನರು ನಾವು ಎಂಬ ಆ ಮಾತಿಗೆ ಒಂದು ಚರಿತ್ರೆ ಇದೆ. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬಾತ ಕೆಲಸ ಮಾಡುತ್ತಿದ್ದ. 1980ರ ಸುಮಾರಿಗೆ ಅವರ ಪ್ರಯೋಗಾಲಯಕ್ಕೆ ಬಂದ ಹೊಸ ಪ್ರಿಂಟರ್ ಆಗಾಗ ಕಾಗದ ಸಿಕ್ಕಿಹಾಕಿಕೊಂಡು ನಿಲ್ಲುತ್ತಿತ್ತು. ಹಾಗೆ ನಿಂತಾಗ ಎಲ್ಲರಿಗೂ ತಿಳಿಸುವಂತೆ ಮಾಡೋಣವೆಂದು ಅವನು ಹೊರಟರೆ ಪ್ರಿಂಟರಿನ ತಂತ್ರಾಂಶದ ಮೂಲವನ್ನು ಅವನಿಗೆ ಕೊಡಲಿಲ್ಲ. ತನ್ನ ಕಣ್ಣೆದುರಿಗಿರುವ ಯಂತ್ರವನ್ನು ತಾನು ಸರಿಮಾಡಿಕೊಳ್ಳುವ ಹಾಗಿಲ್ಲ ಎನ್ನುವುದು ಅವನಿಗೆ ಸಹಿಸಲಿಲ್ಲ. 1983ರಲ್ಲಿ ಅವನು ಗ್ನೂ ಎಂಬ ಕೆಲಸವನ್ನು ಘೋಷಿಸಿದ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಕ್ಸ್ ಬರೆದ. ಎರಡೂ ಸೇರಿ ಇವತ್ತಿನ ವ್ಯವಸ್ಥೆ ಆಯಿತು. ಸ್ಟಾಲ್ಮನ್ ಹೇಳಿದ ನಾಲ್ಕು ಸ್ವಾತಂತ್ರ್ಯಗಳಲ್ಲಿ ಮೊದಲನೆಯದು, ತಂತ್ರಾಂಶವನ್ನು ನಮಗೆ ಬೇಕಾದ ಹಾಗೆ ನಡೆಸುವ ಸ್ವಾತಂತ್ರ್ಯ. ಉಳಿದ ಮೂರು ಅದನ್ನು ಓದಿ ತಿದ್ದುವುದಕ್ಕೆ, ಹಂಚುವುದಕ್ಕೆ, ತಿದ್ದಿದ್ದನ್ನು ಹಂಚುವುದಕ್ಕೆ. ಓದಿ ತಿದ್ದುವುದು ನನ್ನಿಂದ ಆಗದ ಮಾತು. ಆದರೆ ನಡೆಸುವುದು? ಅದಕ್ಕೆ ನಾನೇ ಸಾಕಲ್ಲ. ರಾತ್ರಿ ಹತ್ತು ಗಂಟೆಗೆ, ಕರೆಂಟು ಇಲ್ಲದಾಗ, ಈಗ ಆರು ಎಂದರೆ ಆರಬೇಕು. ಇಷ್ಟೇ ನನ್ನ ಬೇಡಿಕೆ.

ಅಪ್‌ಡೇಟ್ ಎಂದರೆ ರಿಪೇರಿ. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಿದ ಹಾಗೆ. ಮಾಡಲೇಬೇಕು, ಇಲ್ಲದಿದ್ದರೆ ಸೋರುತ್ತದೆ. ಆದರೆ ಹೆಂಚಿನವನು ನಾವು ಮಲಗಿದ್ದಾಗ ಏಣಿ ಹಾಕಿಕೊಂಡು ಮೇಲೆ ಹತ್ತಿದರೆ ಏನೆನ್ನುತ್ತೀರಿ? ಹೆಂಚಿನ ಜೊತೆಗೆ, ನಿಮಗೆ ಬೆಳಕು ಬರಲಿ ಎಂದು ಗೋಡೆ ಒಡೆದು ಕಿಟಕಿಯನ್ನೂ ಇಟ್ಟುಹೋದರೆ? ಈಚಿನ ಅಪ್‌ಡೇಟ್‌ಗಳು ಹೀಗೇ. ಭದ್ರತೆಯ ರಿಪೇರಿ ಒಂದು ಪಾಲು. ಗುಂಡಿಗಳ ಜಾಗ ಬದಲಾಯಿಸುವುದು, ಇದ್ದದ್ದನ್ನು ತೆಗೆಯುವುದು, ಯಾರೂ ಕೇಳದ್ದನ್ನು ಸೇರಿಸುವುದು ಇನ್ನೊಂದು ಪಾಲು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮನೆಯೊಳಗೆ ಎಸೆಯುತ್ತಾರೆ. ಭದ್ರತೆ ಬೇಕೆಂದರೆ ಕಿಟಕಿಯನ್ನೂ ಒಪ್ಪಿಕೋ ಎನ್ನುವ ಲೆಕ್ಕ.

ಒಂದು ಸಲ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆಂದು ಹತ್ತು ದಿನ ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಮನೆ ನೋಡಿಕೊಳ್ಳಲು ಬಂದಿದ್ದ ನಾದಿನಿ ನನ್ನ ಅಡಿಗೆಮನೆಯನ್ನು ಪೂರ್ತಿ ಹೊಸದಾಗಿ ಜೋಡಿಸಿಟ್ಟಿದ್ದಳು. "ನಿಮಗೆ ಅನುಕೂಲ ಆಗ್ಲಿ ಅಂತ ಅತ್ತಿಗೆ" ಎಂದಳು. ನಿಜವಾಗಿಯೂ ಪ್ರೀತಿಯಿಂದಲೇ ಮಾಡಿದ್ದಳು. ನನ್ನದಕ್ಕಿಂತ ಅಚ್ಚುಕಟ್ಟಾಗಿಯೂ ಇತ್ತು. ಆದರೆ ಬೆಳಗಿನ ಐದು ಗಂಟೆಗೆ ದೀಪವಿಲ್ಲದೆಯೂ ಸಾಸಿವೆ ಡಬ್ಬಿಗೆ ಹೋಗುತ್ತಿದ್ದ ನನ್ನ ಕೈ ಒಂದು ತಿಂಗಳು ತಡಕಾಡಿತು. ಹುಳಿಪುಡಿ ಎಂದು ಮೆಣಸಿನಪುಡಿ ಹಾಕಿದ್ದೂ ಆಯಿತು. ಅದನ್ನು ಉಂಡವರು ನನ್ನನ್ನು ಬೈದರೇ ಹೊರತು ಡಬ್ಬಿ ಸರಿಸಿದವಳನ್ನಲ್ಲ. ಅಡಿಗೆಮನೆ ಎಂದರೆ ಡಬ್ಬಿಗಳ ಸಾಲು ಮಾತ್ರವಲ್ಲ. ಇಪ್ಪತ್ತು ವರ್ಷ ಅಲ್ಲಿ ಓಡಾಡಿದ ಕೈಯ ಅಭ್ಯಾಸವೂ ಅದರಲ್ಲಿ ಸೇರಿದೆ. ಕಂಪ್ಯೂಟರೂ ಹಾಗೆ. ಐವತ್ತು ದಾಟಿದ ಮೇಲೆ ಒಂದೊಂದು ಗುಂಡಿಯನ್ನೂ ಕಷ್ಟಪಟ್ಟು ಕಲಿತಿರುತ್ತೇವೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅದು ಅಲ್ಲಿಲ್ಲ. ಆಗ ನಾವು ಅಂದುಕೊಳ್ಳುವುದೇನು? "ನನಗೇ ಮರೆತುಹೋಯಿತೇನೋ, ವಯಸ್ಸಾಯಿತು." ಬೇರೆ ಯಾರೋ ಮಾಡಿದ ಬದಲಾವಣೆಗೆ ನಮ್ಮ ಬುದ್ಧಿಯನ್ನೇ ಅನುಮಾನಿಸಿಕೊಳ್ಳುವ ಹಾಗೆ ಮಾಡುತ್ತಾರಲ್ಲ, ಅದು ನನಗೆ ಸಹಿಸುವುದಿಲ್ಲ.

ಇನ್ನು ಲೋಕಕ್ಕೇ ಗೊತ್ತಿರುವ ಒಂದು ಉದಾಹರಣೆ. ಉಬುಂಟು ಎನ್ನುವುದು ಬಹಳ ಜನ ಬಳಸುವ ಲಿನಕ್ಸ್. ದಕ್ಷಿಣ ಆಫ್ರಿಕಾದ ಮಾರ್ಕ್ ಷಟಲ್‌ವರ್ತ್ 2004ರಲ್ಲಿ ಅದನ್ನು ಹೊರತಂದಾಗ ಕೊಟ್ಟ ಘೋಷಣೆ, ಮನುಷ್ಯರಿಗಾಗಿ ಲಿನಕ್ಸ್ ಎಂದು. ಕೆಲವು ವರ್ಷ ಕೇಳಿದವರ ಮನೆಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸಿದರು. ಒಳ್ಳೆಯ ಕೆಲಸವೇ. ಅದರಲ್ಲಿ ಹಳೆಯ ಬಗೆಯ ಪ್ಯಾಕೇಜುಗಳು ತಾವಾಗಿ ಅಪ್‌ಡೇಟ್ ಆಗುವುದನ್ನು ಬಳಸುವವರು ನಿಲ್ಲಿಸಬಹುದಿತ್ತು, ಈಗಲೂ ನಿಲ್ಲಿಸಬಹುದು. ಆಮೇಲೆ ಸ್ನ್ಯಾಪ್ ಎಂಬ ಹೊಸ ಬಗೆಯ ಪ್ಯಾಕೇಜು ಬಂತು. ಅದು ದಿನಕ್ಕೆ ನಾಲ್ಕು ಸಲ ಹೊಸದೇನಿದೆ ಎಂದು ತಾನೇ ನೋಡಿ ತಾನೇ ತಂದುಹಾಕಿಕೊಳ್ಳುತ್ತದೆ. ಬಳಸುವವರು ಯಾವ ಹೊತ್ತಿಗೆ ಎಂದು ಹೇಳಬಹುದಿತ್ತು, ಇಂತಿಷ್ಟು ದಿನ ಮುಂದಕ್ಕೆ ಹಾಕಬಹುದಿತ್ತು. ಆದರೆ ಪೂರ್ತಿ ನಿಲ್ಲಿಸುವ ನೇರ ದಾರಿ ಇರಲಿಲ್ಲ. ಬ್ರೌಸರ್ ತೆರೆದು ಕೆಲಸ ಮಾಡುತ್ತಿದ್ದರೆ, ಅದನ್ನು ಮುಚ್ಚಿ, ಇಷ್ಟು ದಿನ ಉಳಿದಿದೆ ಎಂಬ ಚೀಟಿ ಮೂಲೆಯಲ್ಲಿ ಬರುತ್ತಿತ್ತು. ಬಾಡಿಗೆ ಮನೆ ಖಾಲಿ ಮಾಡಿಸುವ ನೋಟೀಸಿನ ಹಾಗೆ!

ಜನ ವರ್ಷಗಟ್ಟಲೆ ಗದ್ದಲ ಮಾಡಿದ ಮೇಲೆ 2022ರ ಕೊನೆಗೆ ಅನಿರ್ದಿಷ್ಟ ಕಾಲ ತಡೆಹಿಡಿಯುವ ಸೌಲಭ್ಯ ಕೊಟ್ಟರು. ಕೊಟ್ಟದ್ದಕ್ಕೆ ಸಂತೋಷ. ಆದರೆ ಹೇಗೆ ಕೊಟ್ಟರು ನೋಡಿ. ಟರ್ಮಿನಲ್ ಎಂಬ ಪರದೆ ತೆರೆದು, ಸ್ನ್ಯಾಪ್ ರಿಫ್ರೆಶ್ ಎಂದು ಬರೆದು, ಎರಡು ಅಡ್ಡಗೆರೆ ಹಾಕಿ, ಹೋಲ್ಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಗೊತ್ತಿದ್ದವರಿಗೆ ಒಂದು ಕ್ಷಣದ ಕೆಲಸ. ಗೊತ್ತಿಲ್ಲದವರಿಗೆ ಅಂಥದ್ದೊಂದು ಇದೆಯೆಂದೇ ತಿಳಿಯುವುದಿಲ್ಲ. ಬೇಡ ಎನ್ನುವ ಹಕ್ಕು ಎಂಜಿನಿಯರಿಗೆ ಉಂಟು, ನನ್ನಂಥವಳಿಗೆ ಇಲ್ಲ ಎಂದಾಯಿತಲ್ಲ. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದ್ದೇವೆ ಎನ್ನುತ್ತಾರೋ ಅವರನ್ನೇ ಆಚೆಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ.

ಲಿನಕ್ಸ್ ಬಳಗದೊಳಗೇ ಇದನ್ನು ಒಪ್ಪದವರು ಇದ್ದರು. ಉಬುಂಟುವಿನ ಮೇಲೆಯೇ ಕಟ್ಟಿದ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಬಗೆ ಇದೆ. ಕ್ರೋಮಿಯಂ ಎಂಬ ಬ್ರೌಸರನ್ನು ಹಳೆಯ ದಾರಿಯಲ್ಲಿ ಹಾಕಿಕೊಳ್ಳಹೋದರೂ ಹಿಂಬಾಗಿಲಿನಿಂದ ಸ್ನ್ಯಾಪ್ ಬಂದು ಕೂರುತ್ತದೆ, ಬಳಸುವವರಿಗೆ ಹೇಳದೆ ಹೀಗೆ ಮಾಡಬಾರದು ಎಂದು ಅವರು ತಕರಾರು ತೆಗೆದರು. 2020ರಲ್ಲಿ ಬಂದ ಮಿಂಟ್ 20ರಲ್ಲಿ ಸ್ನ್ಯಾಪ್ ತಾನಾಗಿ ಬಾರದಂತೆ ತಡೆ ಹಾಕಿದರು. ಬೇಕಾದವರು ಆ ತಡೆ ತೆಗೆದು ಹಾಕಿಕೊಳ್ಳಬಹುದು. ಬೇಕು ಅನ್ನುವುದನ್ನೂ ಬೇಡ ಅನ್ನುವುದನ್ನೂ ಬಳಸುವವರಿಗೇ ಬಿಟ್ಟರು. ನನಗೆ ಮೆಚ್ಚುಗೆಯಾದದ್ದು ಅದು.

ಈಗ ಎದುರು ಕಡೆಯವರ ಮಾತನ್ನೂ ಕೇಳಬೇಕು. ಬರೀ ನನ್ನ ಮಾತು ಹೇಳಿದರೆ ಅದು ಚರ್ಚಾಸ್ಪರ್ಧೆ ಆದೀತು. ಅವರು ಹೇಳುವುದು: ಜನರ ಕೈಗೆ ಬಿಟ್ಟರೆ ಯಾರೂ ಅಪ್‌ಡೇಟ್ ಮಾಡುವುದಿಲ್ಲ, ಆಮೇಲೆ ಅನಾಹುತ ಆಗುತ್ತದೆ. ಇದು ಸುಳ್ಳಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ನೂರೈವತ್ತು ದೇಶಗಳ ವಿಂಡೋಸ್ ಕಂಪ್ಯೂಟರುಗಳಿಗೆ ಹರಡಿ, ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದಕ್ಕೆ ಬೇಕಾದ ರಿಪೇರಿ ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲೇ ಬಂದಿತ್ತು. ಹಾಕಿಕೊಳ್ಳದವರು ಕೆಟ್ಟರು. ಲಿನಕ್ಸಿನವರೂ ಸಾಚಾ ಅಲ್ಲ. ನಾನು ಈಗಷ್ಟೇ ಹೊಗಳಿದ ಮಿಂಟ್ ತಂಡವೇ 2021ರಲ್ಲಿ ತನ್ನ ಬಳಕೆದಾರರಿಗೆ ಬುದ್ಧಿ ಹೇಳಬೇಕಾಯಿತು. 2019ರಲ್ಲೇ ಬೆಂಬಲ ಮುಗಿದ 17ರ ಆವೃತ್ತಿಗಳನ್ನು ಇನ್ನೂ ಎಷ್ಟೋ ಜನ ಬಳಸುತ್ತಿದ್ದರು. ಸೋರುವ ಮಾಡಿನ ಕೆಳಗೆ ಹಾಯಾಗಿ ಮಲಗಿದ್ದರು ಎನ್ನಿ.

ಹಾಗಾದರೆ ಬಲವಂತವೇ ಸರಿಯೇ? ಇಲ್ಲಿ ನನಗೆ ನೆನಪಾಗುವುದು ಪಲ್ಸ್ ಪೋಲಿಯೋ.

1995ರಲ್ಲಿ ಅದು ದೇಶದಲ್ಲಿ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ನಮ್ಮಂಥ ಹೊಸ ಮೇಡಂಗಳಿಗೆ ಆ ಭಾನುವಾರಗಳ ಕೆಲಸ ತಪ್ಪುತ್ತಿರಲಿಲ್ಲ. ಐಸ್ ತುಂಬಿದ ನೀಲಿ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಅಂಗನವಾಡಿ ಕಾರ್ಯಕರ್ತೆಯ ಜೊತೆ ಮನೆಮನೆ ಸುತ್ತುತ್ತಿದ್ದೆವು. ಎರಡು ಹನಿ, ಕಿರುಬೆರಳಿಗೆ ಮಸಿ, ಬಾಗಿಲಿಗೆ ಸೀಮೆಸುಣ್ಣದ ಗುರುತು. ಕೆಲವರು ಬೇಡ ಎನ್ನುತ್ತಿದ್ದರು. ಮಗುವಿಗೆ ಜ್ವರ ಎನ್ನುವರು, ಹೋದ ತಿಂಗಳೇ ಹಾಕಿಸಿದ್ದೇವಲ್ಲ ಎನ್ನುವರು, ಮನೆಯ ಹಿರಿಯರು ಒಪ್ಪಿಲ್ಲ ಎನ್ನುವರು. ಅಂಥ ಮನೆಗೆ ಸಂಜೆ ಮತ್ತೆ ಹೋಗುತ್ತಿದ್ದೆವು, ಮಾರನೆಯ ದಿನ ಹೋಗುತ್ತಿದ್ದೆವು, ಜಗುಲಿಯ ಮೇಲೆ ಕೂತು ಅಜ್ಜಿಯ ಹತ್ತಿರ ಅರ್ಧ ಗಂಟೆ ಮಾತಾಡುತ್ತಿದ್ದೆವು. ಕಂಪ್ಯೂಟರಿನ ಪಿಡುಗಿಗಿಂತ ಪೋಲಿಯೋ ದೊಡ್ಡದು ತಾನೇ? ಒಂದು ಮಗುವಿನ ಕಾಲು ಹೋದರೆ ಜೀವಮಾನವೆಲ್ಲ ಹೋಯಿತು. ಆದರೂ ಹಿತ್ತಲ ಗೋಡೆ ಹಾರಿ, ಮಲಗಿದ ಮಗುವಿನ ಬಾಯಿಗೆ ಹನಿ ಹಾಕಿ ಬಂದಿದ್ದೇವೆಯೇ? ಇಲ್ಲ. ಕೇಳಿದೆವು, ತಿಳಿಸಿ ಹೇಳಿದೆವು, ಮತ್ತೆ ಕೇಳಿದೆವು. 2014ರಲ್ಲಿ ಭಾರತ ಪೋಲಿಯೋ ಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಬಾಗಿಲಲ್ಲಿ ನಿಂತು ಕೇಳುವುದರಿಂದ ಕೆಲಸ ಆಗುವುದಿಲ್ಲ ಎಂದು ಹೇಳುವವರು ಒಂದು ದಿನವೂ ಬಾಗಿಲಲ್ಲಿ ನಿಂತವರಲ್ಲ.

ಮಿಂಟ್‌ನವರೂ ಕೊನೆಗೆ ಹಿಡಿದದ್ದು ಅದೇ ದಾರಿ. ಬಹಳ ದಿನ ಅಪ್‌ಡೇಟ್ ಮಾಡದೆ ಬಿಟ್ಟವರಿಗೆ ನೆನಪಿಸುವ ಸಣ್ಣ ಚೀಟಿ ತೋರಿಸತೊಡಗಿದರು. ಅದೂ ಬೇಡವೆಂದರೆ ನಿಲ್ಲಿಸಿಕೊಳ್ಳಬಹುದು.

ಇನ್ನೊಂದು ಮಾತು. ಬಲವಂತ ಮಾಡುವವರು ತಾವು ಕಳಿಸುವುದೆಲ್ಲ ಮದ್ದೇ ಎಂದುಕೊಂಡಿರುತ್ತಾರೆ. 2024ರ ಮಾರ್ಚ್ 29ರಂದು ಲಿನಕ್ಸ್ ಲೋಕ ಬೆಚ್ಚಿಬಿತ್ತು. ಎಕ್ಸ್‌ಜೆಡ್ ಎಂಬ, ಕಡತಗಳನ್ನು ಚಿಕ್ಕದು ಮಾಡುವ ಒಂದು ಸಣ್ಣ ತಂತ್ರಾಂಶದ ಹೊಸ ಆವೃತ್ತಿಯೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಹೀಗೆ ಮಾಡಿದ್ದು. ಕಂಡುಹಿಡಿದದ್ದು ಯಾವ ದೊಡ್ಡ ಕಾವಲುಪಡೆಯೂ ಅಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ತನ್ನ ಯಂತ್ರ ಒಳಗೆ ಬಿಡಲು ಮಾಮೂಲಿಗಿಂತ ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿದೆಯಲ್ಲ, ಏಕೆ ಎಂದು ತಲೆಕೆಡಿಸಿಕೊಂಡ. ಅರ್ಧ ಸೆಕೆಂಡು! ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದದ್ದು ಗೊತ್ತಾಗುವ ಅಡಿಗೆಯವಳ ನಾಲಗೆಯ ಹಾಗೆ ಅವನಿಗೆ ಗೊತ್ತಾಯಿತು. ಆ ವಿಷ ತಲುಪಿದ್ದು ಹೊಸದನ್ನು ಮೊದಲು ತರಿಸಿಕೊಳ್ಳುವ ಪ್ರಾಯೋಗಿಕ ಆವೃತ್ತಿಗಳಿಗೆ. ನಿಧಾನವೇ ಪ್ರಧಾನ ಎಂದು ನಡೆಯುವ ಡೆಬಿಯನ್ ಸ್ಟೇಬಲ್‌ನಂಥವು ಪಾರಾದವು.

ಅದೇ ವರ್ಷ ಜುಲೈ 19ರಂದು ವಿಂಡೋಸ್ ಕಡೆಯಲ್ಲಿ ನಡೆದದ್ದನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟ್ ತಾನಾಗಿ ಬಂದು ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು. ವಿಮಾನಗಳು ನಿಂತವು. ನಮಗೆ ಹೊಸದು ಬೇಡ, ಒಂದು ಹೆಜ್ಜೆ ಹಿಂದಿನದೇ ಇರಲಿ ಎಂದು ಮೊದಲೇ ಹೇಳಿಟ್ಟಿದ್ದ ಗಿರಾಕಿಗಳಿಗೂ ಅದು ಹೋಯಿತು. ಈ ಬಗೆಯ ಅಪ್‌ಡೇಟಿಗೆ ಅವರ ಆಯ್ಕೆ ಅನ್ವಯಿಸುತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೆಯೇ ಕಂಪನಿ ಅದರ ಹತೋಟಿಯನ್ನು ಗಿರಾಕಿಗಳಿಗೆ ಕೊಡತೊಡಗಿದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಾಗೆಂದು ನಾನು ಕೇಳುವುದು ಆಕಾಶದ ಚಂದ್ರನನ್ನೇನೂ ಅಲ್ಲ. ಭದ್ರತೆಯ ರಿಪೇರಿಯನ್ನೂ ಹೊಸ ಸೊಗಸನ್ನೂ ಬೇರೆ ಬೇರೆ ಮಾಡಿ ಕೊಡಿ. ಇದು ಸಾಧ್ಯವಿಲ್ಲ ಎನ್ನಬೇಡಿ. ಡೆಬಿಯನ್ ಸ್ಟೇಬಲ್ ಎಷ್ಟೋ ವರ್ಷದಿಂದ ಹೆಚ್ಚುಕಡಿಮೆ ಹಾಗೇ ನಡೆಯುತ್ತಿದೆ. ಒಂದು ಆವೃತ್ತಿ ಬಂದರೆ ಸುಮಾರು ಎರಡು ವರ್ಷ ಬಹುಮಟ್ಟಿಗೆ ಅದರ ತೂತು ಮುಚ್ಚುವ ಕೆಲಸ ಮಾತ್ರ. ಅಪ್‌ಡೇಟ್ ತರುವ ಮುಂಚೆ ಅದು ಎಷ್ಟು ಎಂ.ಬಿ. ಎಂದು ಹೇಳಿ. ಪಟ್ಟಣದ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ನಡೆಯುವುದು ಮೊಬೈಲಿನ ಹಾಟ್‌ಸ್ಪಾಟ್ ಮೇಲೆ. ದಿನಕ್ಕೆ ಒಂದೂವರೆ ಜಿ.ಬಿ. ಅಷ್ಟೇ ನಮ್ಮ ಪಡಿ. ಅದರಲ್ಲಿ ಮಗಳ ಪಾಠ, ನನ್ನ ಶಾಲೆಯ ಲೆಕ್ಕ, ಯಜಮಾನರ ಕ್ರಿಕೆಟ್ಟು ಎಲ್ಲ ಆಗಬೇಕು. ಹೇಳದೆ ಕೇಳದೆ ಅದರಿಂದ ನೂರಾರು ಎಂ.ಬಿ. ಎಳೆದುಕೊಂಡರೆ ಅದನ್ನು ಏನೆಂದು ಕರೆಯುತ್ತಾರೆ? ನಮ್ಮ ಊರಿನಲ್ಲಿ ಅದಕ್ಕೊಂದು ಹೆಸರಿದೆ. ಬ್ಯಾಟರಿಯ ಮೇಲೆ ನಡೆಯುತ್ತಿರುವಾಗ, ಆರಿಸುವ ಹೊತ್ತಿನಲ್ಲಿ ರಿಪೇರಿ ಶುರುಮಾಡಬೇಡಿ. ಕೆಟ್ಟರೆ ಹಿಂದಿನದಕ್ಕೆ ವಾಪಸು ಹೋಗುವ ದಾರಿ ಇಡಿ, ಅದು ನನ್ನ ಕಣ್ಣಿಗೆ ಕಾಣುವ ಹಾಗೆ ಇಡಿ.

ಎಲ್ಲಕ್ಕಿಂತ ಹೆಚ್ಚಾಗಿ, ಕೇಳಿದಾಗ ನಿಜವಾಗಿ ಕೇಳಿ. ಈಗ ಕೇಳುವ ರೀತಿ ನೋಡಿದ್ದೀರಾ? ಎರಡು ಗುಂಡಿ ಇರುತ್ತವೆ: ಈಗಲೇ, ಅಥವಾ ಆಮೇಲೆ. ಬೇಡ ಎನ್ನುವ ಗುಂಡಿ ಎಲ್ಲಿ? ಇದು ನಮಗೆ ಹೊಸ ಅನುಭವವಲ್ಲ. ಹೆಣ್ಣು ನೋಡುವ ಶಾಸ್ತ್ರ ಆದ ಮೇಲೆ "ಈ ಮಾಘದಲ್ಲಿ ಇಟ್ಕೊಳ್ಳೋಣ್ವೋ, ವೈಶಾಖಕ್ಕೋ?" ಎಂದು ಹುಡುಗಿಯನ್ನು ಕೇಳುತ್ತಿದ್ದರಲ್ಲ, ಹಾಗೆ. ಮುಹೂರ್ತ ಆರಿಸುವ ಸ್ವಾತಂತ್ರ್ಯ ಪೂರ್ತಿಯಾಗಿ ನಮ್ಮದೇ!

ಮಗ ಹೇಳಿದ "ನಿನ್ನಂಥೋರು" ಎಂಬ ಪದಕ್ಕೆ ಬರುತ್ತೇನೆ. ಕಂಪ್ಯೂಟರ್ ಬಲ್ಲವರಲ್ಲಿ ಒಂದು ಮಾತು ಬಳಕೆಯಲ್ಲಿದೆ: ಇದು ಎಷ್ಟು ಸುಲಭವೆಂದರೆ ಅಜ್ಜಿಗೂ ಬರುತ್ತದೆ. ಆ ಅಜ್ಜಿ ಯಾರು? ನಾನೇ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸಂಧಿ ಸಮಾಸ ಕಲಿಸಿದವಳು, ಮನೆಯ ಸಾಲದ ಬಡ್ಡಿ ಲೆಕ್ಕ ಹಾಕುವವಳು, ಚುನಾವಣೆಯಲ್ಲಿ ಮತಗಟ್ಟೆ ನಡೆಸುವವಳು. ಮತಯಂತ್ರ ನನ್ನ ಕೈಗೆ ಕೊಡಬಹುದು, ನನ್ನದೇ ಲ್ಯಾಪ್‌ಟಾಪಿನ ಒಂದು ಗುಂಡಿ ಕೊಡಬಾರದು! ನಿಮಗೆ ತಿಳಿಯುವುದಿಲ್ಲ, ನಿಮ್ಮ ಒಳ್ಳೆಯದಕ್ಕೇ ನಾವು ಮಾಡಿದ್ದೇವೆ ಎನ್ನುವ ಮಾತನ್ನು ನಮ್ಮ ತಾಯಂದಿರು ಓದು, ಮದುವೆ, ಆಸ್ತಿ ಎಲ್ಲದರಲ್ಲೂ ಕೇಳಿದರು. ಅದು ಈಗ ಯಂತ್ರದ ಬಾಯಿಂದ ಬಂದರೆ ಹೊಸದಾಗಿಬಿಡುವುದಿಲ್ಲ. ಕೇಳದೆ ಮಾಡಿದ ಉಪಕಾರಕ್ಕೆ ಉಪಕಾರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ನಮ್ಮ ಕಡೆಯದ್ದೂ ಸ್ವಲ್ಪ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಯಜಮಾನಿಕೆ ಬೇಕೆಂದರೆ ಅದರ ಚಾಕರಿಯೂ ಬೇಕು. ಬೇಡ ಎನ್ನುವ ಗುಂಡಿ ಕೇಳುವವಳು ಹೆಂಚು ಒಡೆದಿದೆಯೇ ಎಂದು ತಾನೇ ನೋಡಬೇಕು. ಎಲ್ಲದಕ್ಕೂ ಮಗನನ್ನೋ ಅಳಿಯನನ್ನೋ ಕರೆದು "ನೀನೇ ಏನಾದ್ರೂ ಮಾಡಪ್ಪ" ಎಂದು ಪಾಸ್‌ವರ್ಡನ್ನೂ ಒಪ್ಪಿಸಿಬಿಟ್ಟು, ಆಮೇಲೆ ಯಾರೂ ನಮ್ಮನ್ನು ಕೇಳುವುದಿಲ್ಲ ಎಂದು ಅಳುವುದು ಸರಿಯಲ್ಲ. ಆ ಅವಘಡದ ಮೇಲೆ ನಾನು ಕಲಿತೆ. ಸೆಟ್ಟಿಂಗ್ಸಿನಲ್ಲಿ ಹುಡುಕಿದರೆ ಅಪ್‌ಡೇಟ್ ತಾನಾಗಿ ಆಗದಂತೆ ಮಾಡುವ ಜಾಗ ಹೆಚ್ಚಿನ ಲಿನಕ್ಸ್‌ಗಳಲ್ಲಿ ಸಿಗುತ್ತದೆ. ನಾನು ಬಳಸುವ ಸಂಪರ್ಕ ಅಳತೆಯದ್ದು, ಅಂದರೆ ಮೀಟರ್ಡ್, ಎಂದು ಗುರುತು ಹಾಕುವ ಜಾಗವೂ ಇದೆ; ಹಾಟ್‌ಸ್ಪಾಟ್ ಬಳಸುವವರು ಅದನ್ನು ಒತ್ತಿಕೊಳ್ಳಿ. ವಿಜ್ಞಾನದ ಮೇಷ್ಟ್ರ ಹತ್ತಿರ ಎರಡು ಸಂಜೆ ಪಕ್ಕದಲ್ಲೇ ಕೂತು ಟರ್ಮಿನಲ್ಲನ್ನೂ ಕಲಿತೆ. ಅದೇನೂ ಬ್ರಹ್ಮವಿದ್ಯೆಯಲ್ಲ, ನಮ್ಮ ವ್ಯಾಕರಣಕ್ಕಿಂತ ಸುಲಭ. ಹೊಸ ಬ್ಯಾಟರಿ ಹಾಕಿಸಿದೆ. ಬರೆದದ್ದರ ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಹೋಗುತ್ತದೆ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ, ಚಾರ್ಜರ್ ಹಾಕಿ, ಏನೇನು ಹೊಸದು ಬಂದಿದೆ ಎಂದು ಪಟ್ಟಿ ನೋಡಿ ಅಪ್‌ಡೇಟ್ ಮಾಡುತ್ತೇನೆ. ಭದ್ರತೆಯದ್ದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಇದುವರೆಗೆ ಒಂದು ಭಾನುವಾರವೂ ತಪ್ಪಿಲ್ಲ. ನೀವ್ಯಾರೂ ಮಾಡೋದೇ ಇಲ್ಲ ಎಂದಿದ್ದನಲ್ಲ ಮಗ!

ಹೋದ ದೀಪಾವಳಿಗೆ ಅವನು ಊರಿಗೆ ಬಂದಿದ್ದ. ನಾನು ಹೋಳಿಗೆ ತಟ್ಟುತ್ತಿದ್ದೆ. ಹೊರಗಿನ ಕೋಣೆಯಿಂದ ಕೂಗಿದ: "ಅಮ್ಮಾ, ಲ್ಯಾಪ್‌ಟಾಪಲ್ಲಿ ಎಂಟು ಅಪ್‌ಡೇಟ್ ಬಂದಿದೆ. ಮಾಡ್ಲಾ?"

"ಇವತ್ತು ಶುಕ್ರವಾರ, ಬೇಡ ಕಣೋ. ಭಾನುವಾರ ನಾನೇ ಮಾಡ್ಕೋತೀನಿ" ಎಂದೆ.

"ಸರಿ" ಎಂದು ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋಳಿಗೆಗೆ ಬಂದು ಕೂತ.